ಮನೇಲಿ ಎಲ್ರೂ ಕೂತು ನಗೋಕೆ ಯಾವ ಕಾಮಿಡಿ ಸೀರಿಯಲ್? ಆರಿಸೋಕೆ ಮುಂಚೆ ಇಷ್ಟು ನೋಡ್ಕೊಳ್ಳಿ

ಮೊನ್ನೆ ಮುಳಬಾಗಿಲಲ್ಲಿ ನಮ್ಮ ಚಿಕ್ಕಮ್ಮನ ಮನೆ ಗೃಹಪ್ರವೇಶಕ್ಕೆ ಹೋಗಿದ್ದೆ, ಊಟ ಆದ್ಮೇಲೆ ಹೆಂಗಸರೆಲ್ಲಾ ಚಾಪೆ ಹಾಸ್ಕೊಂಡು ಕೂತಿದ್ವಿ, ಅಲ್ಲೂ ಅದೇ ಪ್ರಶ್ನೆ ಬಂತು. "ನೀನು ಬೇಜಾನ್ ನೋಡ್ತೀಯಲ್ಲಮ್ಮಾ, ಒಂದು ಒಳ್ಳೆ ಕಾಮಿಡಿ ಸೀರಿಯಲ್ ಹೇಳು, ಅಳೋ ಸೀರಿಯಲ್ ಸಾಕಾಗೋಯ್ತು" ಅಂತ. ನಾನು ಒಂದು ಹೆಸರು ಹೇಳ್ದೆ, ಪಕ್ಕದಲ್ಲಿದ್ದ ಅತ್ತಿಗೆ ತಕ್ಷಣ "ಅಯ್ಯೋ ಅದಾ, ಅದ್ರಲ್ಲಿ ನಗೋಕೇನಿದೆ" ಅಂದ್ರು, ಅವರ ಮಗ ಇನ್ನೊಂದು ಹೆಸರು ಹೇಳ್ದ, ಅದಕ್ಕೆ ಚಿಕ್ಕಮ್ಮ ಮುಖ ಕಿವುಚಿದ್ರು. ಅರ್ಧ ಗಂಟೆ ಮಾತಾಡಿದ್ವಿ, ಒಂದೂ ತೀರ್ಮಾನ ಆಗ್ಲಿಲ್ಲ. ಬಸ್ಸಲ್ಲಿ ಕೋಲಾರಕ್ಕೆ ವಾಪಸ್ ಬರ್ತಾ ಯೋಚನೆ ಮಾಡ್ದೆ, ನಾವು ಕೇಳೋ ಪ್ರಶ್ನೇನೇ ತಪ್ಪು. ಯಾವುದು ಬೆಸ್ಟ್ ಅಂತ ಕೇಳಿದ್ರೆ ಯಾರಿಗೂ ಉತ್ತರ ಸಿಗಲ್ಲ. ಈ ಸೀರಿಯಲ್‌ನಲ್ಲಿ ನಗು ಎಲ್ಲಿಂದ ಬರುತ್ತೆ, ಆ ನಗು ನನ್ನ ಪಕ್ಕದಲ್ಲಿ ಕೂತಿರೋರಿಗೆ ತಲುಪುತ್ತಾ, ಇವೆರಡನ್ನ ಕೇಳ್ಕೊಂಡ್ರೆ ಅರ್ಧ ಕೆಲಸ ಆಯ್ತು.

ನಮ್ಮ ಮನೆ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ನಾನು ಹೇಳೋದೆಲ್ಲಾ ಈ ಮನೆಯ ಹಾಲಲ್ಲಿ ಕೂತು ಕಲ್ತಿದ್ದು. ನಮ್ಮ ಯಜಮಾನರ ಅಜ್ಜಿ ಇದಾರೆ, ಶ್ರೀನಿವಾಸಪುರ ಕಡೆಯೋರು, ಮನೇಲಿ ಎಲ್ರೂ ಅವ್ವ ಅಂತೀವಿ, ಅವರು ಯೋಚನೆ ಮಾಡೋದು ತೆಲುಗಲ್ಲಿ, ಬೈಯೋದೂ ತೆಲುಗಲ್ಲಿ, ಲೆಕ್ಕ ಹಾಕೋದು ಮಾತ್ರ ಕನ್ನಡದಲ್ಲಿ. ಮಾವ ತಾಲ್ಲೂಕು ಆಫೀಸಲ್ಲಿ ಎಫ್‌ಡಿಎ ಆಗಿ ರಿಟೈರ್ ಆದೋರು. ನಮ್ಮನೆಯವರು ನರಸಾಪುರದಲ್ಲಿ ಫ್ಯಾಕ್ಟರಿ, ವಾರ ವಾರ ಶಿಫ್ಟ್ ಬದಲಾಗುತ್ತೆ. ಮೈದುನ ಬೆಂಗಳೂರಲ್ಲಿ ಐಟಿ, ವಾರಕ್ಕೆ ಮೂರು ದಿನ ಬಸ್ಸಲ್ಲೇ ಓಡಾಟ. ಮಗಳಿಗೆ ಒಂಬತ್ತು ವರ್ಷ. ಇವರೆಲ್ಲರ ಮಧ್ಯೆ ರಿಮೋಟ್ ಒಂದೇ.

ಸರಿ, ಆರಿಸೋಕೆ ಏನೇನು ನೋಡ್ಬೇಕು? ಮೊದಲ್ನೇದು, ನಗು ಯಾವುದರಲ್ಲಿದೆ ಅನ್ನೋದು. ಕೆಲವು ಸೀರಿಯಲ್‌ನಲ್ಲಿ ನಗು ಮಾತಲ್ಲಿರುತ್ತೆ, ಪದ ತಿರುಚೋದು, ಒಬ್ಬರ ಮಾತಿಗೆ ಇನ್ನೊಬ್ಬರು ಎದುರುತ್ತರ ಕೊಡೋದು. ಕೆಲವದ್ರಲ್ಲಿ ಮೈಯಲ್ಲಿ ಇರುತ್ತೆ, ಬೀಳೋದು, ಸಿಕ್ಕಾಕ್ಕೊಳೋದು, ಮುಖ ಚೇಷ್ಟೆ. ಕೆಲವದ್ರಲ್ಲಿ ಪೇಚಿಗೆ ಸಿಕ್ಕೊಳೋದ್ರಲ್ಲಿ, ಒಂದು ಸುಳ್ಳು ಹೇಳಿ ಅದನ್ನ ಮುಚ್ಚೋಕೆ ಹತ್ತು ಸುಳ್ಳು ಹೇಳೋ ಥರ. ಇನ್ನು ಕೆಲವದ್ರಲ್ಲಿ ಮುಜುಗರದಲ್ಲಿ, ಯಾರೋ ಸಭೇಲಿ ಮಾತಾಡಬಾರದ್ದು ಮಾತಾಡ್ತಾರೆ, ಎಲ್ರೂ ಸುಮ್ಮನಾಗ್ತಾರೆ, ನಮಗೇ ಮೈ ಜುಂ ಅನ್ನುತ್ತೆ. ಎರಡ್ನೇದು ಭಾಷೆ. ಇದನ್ನ ಜನ ತುಂಬ ಹಗುರವಾಗಿ ತಗೋತಾರೆ, ಸಬ್‌ಟೈಟಲ್ ಇದೆಯಲ್ಲಾ ಅಂತಾರೆ, ಆದ್ರೆ ಸಬ್‌ಟೈಟಲ್‌ನಲ್ಲಿ ಆಗೋದೇನು ಅಂದ್ರೆ ನಟ ಬಾಯಿ ತೆಗೆಯೋಕೆ ಮುಂಚೇನೇ ನಮ್ಮ ಕಣ್ಣು ಕೊನೆಯ ಮಾತು ಓದಿ ಮುಗಿಸಿರುತ್ತೆ, ಅಳೋ ಸೀನಿಗೆ ಇದರಿಂದ ಅಷ್ಟು ತೊಂದ್ರೆ ಇಲ್ಲ, ನಗುವಿಗೆ ಮಾತ್ರ ದೊಡ್ಡ ಹೊಡೆತ. ಅವ್ವನಂಥವರಿಗಂತೂ ಓದೋ ಮಾತೇ ಇಲ್ಲ. ಮೂರ್ನೇದು, ನಾವು ನಗ್ತಿರೋದು ಯಾರ ಮೇಲೆ ಅನ್ನೋದು. ಇದ್ರ ಬಗ್ಗೆ ಮುಂದೆ ಜಾಸ್ತಿ ಹೇಳ್ತೀನಿ, ನನಗೆ ಇದೇ ಮುಖ್ಯ. ಆಮೇಲೆ ಎಷ್ಟು ಉದ್ದ ಇದೆ, ಮಧ್ಯದಿಂದ ನೋಡಿದ್ರೂ ಅರ್ಥ ಆಗುತ್ತಾ, ದುಡ್ಡು ಕಟ್ಬೇಕಾ ಫ್ರೀನಾ, ಇವೆಲ್ಲಾ ಇದ್ದೇ ಇವೆ.

ಕನ್ನಡದಿಂದ್ಲೇ ಶುರು ಮಾಡೋಣ. ಈಟಿವಿ ಕನ್ನಡ ಇದ್ದ ಕಾಲದ (ಅದೇ ಚಾನೆಲ್ 2015ರಲ್ಲಿ ಕಲರ್ಸ್ ಕನ್ನಡ ಆಯ್ತು) ಎರಡು ಸೀರಿಯಲ್ ಇವತ್ತಿಗೂ ಜನ ಹುಡುಕಿ ನೋಡ್ತಾರೆ, 'ಸಿಲ್ಲಿ ಲಲ್ಲಿ' ಮತ್ತೆ 'ಪಾಪ ಪಾಂಡು'. ಎರಡೂ ಒಂದೇ ಚಾನೆಲ್, ಹೆಚ್ಚುಕಮ್ಮಿ ಒಂದೇ ಕಾಲ, ಅದಕ್ಕೆ ಎಲ್ರೂ ಒಂದೇ ಬುಟ್ಟಿಗೆ ಹಾಕ್ತಾರೆ, ಆದ್ರೆ ನಗುವಿನ ಜಾತೀನೇ ಬೇರೆ. ವಿಜಯ ಪ್ರಸಾದ್ ನಿರ್ದೇಶನದ 'ಸಿಲ್ಲಿ ಲಲ್ಲಿ'ಯಲ್ಲಿ ಡಾಕ್ಟರ್ ವಿಠಲ್ ರಾವ್ ಆಗಿ ರವಿಶಂಕರ್ ಗೌಡ, ಸಮಾಜ ಸೇವಕಿ ಲಲಿತಾಂಬ ಆಗಿ ಮಂಜುಭಾಷಿಣಿ, ಅಲ್ಲಿ ನಗು ಪೂರ್ತಿ ಬಾಯಲ್ಲೇ ಇದೆ. ಒಬ್ಬೊಬ್ಬರಿಗೂ ಒಂದೊಂದು ಮಾತಿನ ಧಾಟಿ, ಎಳೆದು ಮಾತಾಡೋರು ಒಬ್ಬರು, ಒತ್ತಿ ಮಾತಾಡೋರು ಒಬ್ಬರು, ಕಣ್ಣು ಮುಚ್ಕೊಂಡು ಅಡುಗೆಮನೇಲಿ ಕೆಲಸ ಮಾಡ್ತಾ ಕೇಳಿದ್ರೂ ಯಾರು ಮಾತಾಡ್ತಿದಾರೆ ಅಂತ ಗೊತ್ತಾಗುತ್ತೆ. ಹಪ್ಪಳ ಒತ್ತುವಾಗ, ಅವರೆಕಾಯಿ ಸುಲಿಯುವಾಗ ಹಾಕ್ಕೊಳೋಕೆ ಇದಕ್ಕಿಂತ ಒಳ್ಳೇದಿಲ್ಲ. ನಮ್ಮ ಅತ್ತೆ ಅವರೆಕಾಯಿ ಸೀಸನ್ ಪೂರ್ತಿ ಇದನ್ನೇ ಹಾಕ್ಕೊಂಡು ಕೂರ್ತಾರೆ, ಚಿದಕಿದ ಬೇಳೆ ಒಂದು ಪಾತ್ರೆ ತುಂಬೋಷ್ಟ್ರಲ್ಲಿ ಎರಡು ಎಪಿಸೋಡ್ ಆಗಿರುತ್ತೆ.

'ಪಾಪ ಪಾಂಡು' ಹಾಗಲ್ಲ, ಸಿಹಿಕಹಿ ಚಂದ್ರು ಅವರ ನಿರ್ದೇಶನ, ಪಾಂಡು ಆಗಿ ಚಿದಾನಂದ್, ಹೆಂಡತಿ ಶ್ರೀಮತಿ ಆಗಿ ಶಾಲಿನಿ. ಅದನ್ನ ಕಣ್ಣಲ್ಲಿ ನೋಡ್ಬೇಕು. ಗಂಡನ ಮುಖದಲ್ಲಿ ಭಯ, ಹೆಂಡತಿ ಕೈಯಲ್ಲಿ ಏನಿದೆ ಅಂತ ನೋಡೋ ಆ ನೋಟ, ಓಡೋದು, ಏಟು ತಿನ್ನೋದು. ಮಕ್ಕಳಿಗೆ ಇದು ಹೆಚ್ಚು ಇಷ್ಟ ಆಗುತ್ತೆ, ನನ್ನ ಮಗಳು ಸೋಫಾ ಮೇಲೆ ಉರುಳಾಡಿ ನಗ್ತಾಳೆ. ಆದ್ರೆ ಒಂದು ವಿಷ್ಯ ಹೇಳ್ಲೇಬೇಕು. ನಮ್ಮ ಬೀದೀಲಿ ಒಬ್ಬ ಆಂಟಿ ಇದಾರೆ, ಸಾಯಂಕಾಲ ಬಂದು ಕೂರ್ತಾರೆ, ಅವತ್ತು ಇದು ಓಡ್ತಿತ್ತು, ನಾವೆಲ್ಲಾ ನಗ್ತಿದ್ವಿ, ಅವರು ನಗ್ಲಿಲ್ಲ, ಸ್ವಲ್ಪ ಹೊತ್ತಾದ್ಮೇಲೆ "ಒಲೆ ಮೇಲೆ ಹಾಲಿಟ್ಟಿದೀನಿ ಕಣಮ್ಮಾ" ಅಂತ ಎದ್ದು ಹೋದ್ರು. ಅವರ ಮನೆ ಪರಿಸ್ಥಿತಿ ನನಗೆ ಗೊತ್ತಿತ್ತು, ಆದ್ರೂ ಆ ಕ್ಷಣದಲ್ಲಿ ಹೊಳೀಲಿಲ್ಲ, ಆಮೇಲೆ ರಾತ್ರಿ ತುಂಬ ಬೇಜಾರಾಯ್ತು. ಏಟು ತಿನ್ನೋದು ನೋಡಿ ನಗು ಬರ್ಬೇಕಾದ್ರೆ ಏಟಿಗೆ ನೋವಿಲ್ಲ ಅಂತ ನೋಡೋರ ಮೈಗೆ ಗೊತ್ತಿರ್ಬೇಕು. ಗಂಡನಿಗೆ ಹೆಂಡತಿ ಹೊಡೀತಾಳೋ ಹೆಂಡತಿಗೆ ಗಂಡ ಹೊಡೀತಾನೋ, ಮನೇಲಿ ನಿಜವಾಗ್ಲೂ ಕೈ ಎತ್ತಿದ್ದು ನೋಡಿರೋರಿಗೆ ಅದು ಕಾಮಿಡಿ ಅಲ್ಲ. ಸೀರಿಯಲ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಚಿದಾನಂದ್ ಅವರ ಟೈಮಿಂಗ್ ಅಂದ್ರೆ ನನಗೆ ಈಗ್ಲೂ ಪ್ರಾಣ. ಪಕ್ಕದಲ್ಲಿ ಯಾರು ಕೂತಿದಾರೆ ಅಂತ ನೋಡಿ ಹಾಕಿ ಅಂತಷ್ಟೇ.

ಎರಡಕ್ಕೂ ಯೂಟ್ಯೂಬಲ್ಲಿ ಎಪಿಸೋಡ್ ಸಿಗುತ್ತೆ, ಪೈಸೆ ಖರ್ಚಿಲ್ಲ, ಎಲ್ಲಿಂದ ಬೇಕಾದ್ರೂ ಶುರು ಮಾಡ್ಬಹುದು. ಹಳೇ ಟೇಪು, ಪಿಕ್ಚರ್ ಮಬ್ಬು, ದೊಡ್ಡ ಟೀವೀಲಿ ಹಾಕಿದ್ರೆ ಇನ್ನೂ ಮಬ್ಬು ಕಾಣುತ್ತೆ, ಫೋನಲ್ಲಿ ಚೆನ್ನಾಗಿರುತ್ತೆ.

ಈಗ ನಮ್ಮ ಕಡೆಯೋರಿಗೆ ಮಾತ್ರ ಇರೋ ಒಂದು ಅನುಕೂಲದ ಬಗ್ಗೆ ಹೇಳ್ತೀನಿ, ಮೈಸೂರು ಕಡೆಯೋರಿಗೋ ಧಾರವಾಡದೋರಿಗೋ ಇದು ಇಲ್ಲ. ಕೈವಾರ ತಾತಯ್ಯನವರು ತೆಲುಗಲ್ಲೂ ಕನ್ನಡದಲ್ಲೂ ಹಾಡಿದ ನೆಲ ಇದು, ಕೋಲಾರ ಚಿಂತಾಮಣಿ ಶ್ರೀನಿವಾಸಪುರ ಬಾಗೇಪಲ್ಲಿ ಕಡೆ ಅರ್ಧಕ್ಕರ್ಧ ಮನೆಗಳಲ್ಲಿ ಎರಡು ಭಾಷೇನೂ ಒಲೆ ಪಕ್ಕಾನೇ ಕಲ್ತಿರ್ತೀವಿ. ಹಾಗಾಗಿ ತೆಲುಗು ಕಾಮಿಡಿ ನಮಗೆ ಸಬ್‌ಟೈಟಲ್ ಇಲ್ದೇನೇ ತಲುಪುತ್ತೆ. ಅದ್ರಲ್ಲಿ 'ಅಮೃತಂ' ಅನ್ನೋದು ಇದೆ ನೋಡಿ, ಜೆಮಿನಿ ಟೀವೀಲಿ 2001ರಿಂದ 2007ರವರೆಗೆ ಬಂದಿದ್ದು, ಗುನ್ನಂ ಗಂಗರಾಜು ಅವರದ್ದು, 313 ಎಪಿಸೋಡ್. ಅಮೃತಂ, ಅವನ ಗೆಳೆಯ ಆಂಜನೇಯುಲು ಸೇರಿ 'ಅಮೃತ ವಿಲಾಸ್' ಅಂತ ಹೋಟ್ಲು ಇಡ್ತಾರೆ, ಸರ್ವಂ ಅಂತ ಒಬ್ಬ ಕೆಲಸದವನು, ಬಾಡಿಗೆಗೆ ಪೀಡಿಸೋ ಓನರ್ ಅಪ್ಪಾಜಿ, ಬೇಗ ದುಡ್ಡು ಮಾಡೋಕೆ ವಾರಕ್ಕೊಂದು ಐಡಿಯಾ, ವಾರಕ್ಕೊಂದು ಎಡವಟ್ಟು. ಅಮೃತಂ ಪಾತ್ರಕ್ಕೆ ಶಿವಾಜಿ ರಾಜ, ನರೇಶ್, ಹರ್ಷವರ್ಧನ್ ಅಂತ ಮೂರು ಜನ ಬದಲಾದ್ರು, ನಮ್ಮ ಅವ್ವ ಮೊದಲು "ಇವನ್ಯಾರು" ಅಂತ ಕೇಳಿದ್ರು, ಎರಡು ಎಪಿಸೋಡ್ ಆದ್ಮೇಲೆ ಕೇಳೋದೇ ಬಿಟ್ರು. ಆಂಜನೇಯುಲು ಆಗಿದ್ದ ಗುಂಡು ಹನುಮಂತರಾವ್ ಬಂದ್ರೆ ಸಾಕು, ಅವರು ಬಾಯಿ ತೆಗೆಯೋಕೆ ಮುಂಚೇನೇ ಅವ್ವನ ಭುಜ ಅಲ್ಲಾಡುತ್ತೆ.

ಯಾಕೆ ಇದು ಅಷ್ಟು ಹತ್ರ ಅನ್ಸುತ್ತೆ ಅಂತ ತಿಳೀಬೇಕಂದ್ರೆ ಇನ್ನೊಂದು ಹೋಟ್ಲು ಪಕ್ಕದಲ್ಲಿಟ್ಟು ನೋಡ್ಬೇಕು. ಬ್ರಿಟನ್ನಿನ ಬಿಬಿಸಿದು 'ಫಾಲ್ಟಿ ಟವರ್ಸ್' ಅಂತ, 1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು 12 ಎಪಿಸೋಡ್ ಅಷ್ಟೇ, ಜಾನ್ ಕ್ಲೀಸ್ ಮತ್ತೆ ಕಾನಿ ಬೂತ್ ಬರೆದಿದ್ದು. ಅದೂ ಹೋಟ್ಲು ನಡೆಸೋರ ಕಥೆ, ಸಮುದ್ರದ ದಡದ ಊರು, ಬೇಸಿಲ್ ಅಂತ ಮಾಲೀಕ, ಅವನ ಹೆಂಡತಿ ಸಿಬಿಲ್, ಸ್ಪೇನಿಂದ ಬಂದ ಮ್ಯಾನುಯೆಲ್ ಅನ್ನೋ ವೇಟರ್. ಮೇಲ್ನೋಟಕ್ಕೆ ಅಮೃತ ವಿಲಾಸೇ. ಆದ್ರೆ ಬೇಸಿಲ್‌ಗೆ ಗಿರಾಕಿ ಅಂದ್ರೇನೇ ಕಿರಿಕಿರಿ, ತಾನು ದೊಡ್ಡ ಮನುಷ್ಯ, ಇವರಿಗೆಲ್ಲಾ ನಾನು ಊಟ ಬಡಿಸ್ಬೇಕಲ್ಲಾ ಅನ್ನೋ ಸಿಟ್ಟು ಒಳಗೇ ಕುದೀತಿರುತ್ತೆ, ಆ ಸಿಟ್ಟನ್ನ ಅದುಮಿಡೋಕೆ ಹೋಗಿ ಅದು ಇನ್ನೆಲ್ಲೋ ಸಿಡಿಯುತ್ತೆ, ನಗು ಬರೋದು ಅಲ್ಲಿ. ಅಮೃತಂಗೆ ಗಿರಾಕಿ ದೇವರು, ಒಬ್ಬ ಬಂದ್ರೆ ಸಾಕು ಅನ್ನೋ ಆಸೆ, ಆ ಆಸೆಗೆ ಬಿದ್ದು ಮಾಡೋ ಎಡವಟ್ಟಿಂದ ನಗು. ಬಸ್‌ಸ್ಟ್ಯಾಂಡ್ ಪಕ್ಕ ಅಂಗಡಿ ಹಾಕಿ ಮೂರು ತಿಂಗಳಲ್ಲಿ ಮುಚ್ಚಿದೋರು ನಮ್ಮ ಪ್ರತಿಯೊಬ್ಬರ ನೆಂಟರಲ್ಲೂ ಇದಾರೆ, ಅಮೃತಂ ನಮ್ಮ ಬಾವನೋ ನಮ್ಮ ಮಾವನ ಮಗನೋ ಆಗಿರ್ತಾನೆ. ಬೇಸಿಲ್ ನಮ್ಮೋನಲ್ಲ, ಆದ್ರೆ ಸರ್ಕಾರಿ ಕೌಂಟರಲ್ಲೋ ದೊಡ್ಡ ಅಂಗಡೀಲೋ ನಿಂತು ಅವನಂಥವರ ಹತ್ರ ಮಾತು ಕೇಳ್ದೋರು ನಾವು. ಅದಕ್ಕೇ ಬೇಸಿಲ್ ಬಿದ್ರೆ ಖುಷಿ, ಅಮೃತಂ ಬಿದ್ರೆ ಅಯ್ಯೋ ಪಾಪ ಅಂತ ನಗು. ಮನೇಲಿ ಎಲ್ರ ಜೊತೆ ನೋಡೋಕೆ ನಾನು ಅಮೃತಂ ಹಾಕ್ತೀನಿ, ಯೂಟ್ಯೂಬಲ್ಲಿ ಫ್ರೀ ಇದೆ. ಒಬ್ಬಳೇ ಇದ್ದಾಗ, ಕಥೆ ಹೆಣೆಯೋದು ಅಂದ್ರೇನು ಅಂತ ನೋಡ್ಬೇಕು ಅನ್ಸಿದಾಗ, ಫಾಲ್ಟಿ ಟವರ್ಸ್. ಹನ್ನೆರಡೇ ಇರೋದ್ರಿಂದ ಒಂದು ವಾರದಲ್ಲಿ ಮುಗಿಯುತ್ತೆ, ಒಂದು ಸಣ್ಣ ಸುಳ್ಳು ಅರ್ಧ ಗಂಟೇಲಿ ಇಡೀ ಹೋಟ್ಲನ್ನ ತಲೆಕೆಳಗು ಮಾಡೋ ರೀತಿ ನೋಡಿದ್ರೆ ಕೈ ಮುಗೀಬೇಕು ಅನ್ಸುತ್ತೆ. ಮ್ಯಾನುಯೆಲ್‌ಗೆ ಇಂಗ್ಲಿಷ್ ಬರಲ್ಲ ಅಂತ ಮತ್ತೆ ಮತ್ತೆ ಹೊಡೆಯೋದು ಮಾತ್ರ ನನಗೆ ಹಿಡಿಸಲ್ಲ.

ಹಿಂದಿ ಬರೋ ಮನೆಗಳಲ್ಲಿ ಮೊದಲು ಬರೋ ಹೆಸರು 'ತಾರಕ್ ಮೆಹ್ತಾ ಕಾ ಉಲ್ಟಾ ಚಷ್ಮಾ'. ಗುಜರಾತಿ ಪತ್ರಿಕೇಲಿ ತಾರಕ್ ಮೆಹ್ತಾ ಬರೀತಿದ್ದ ಅಂಕಣದಿಂದ ಹುಟ್ಟಿದ್ದು, 2008ರ ಜುಲೈನಲ್ಲಿ ಶುರುವಾಗಿ 4000 ಎಪಿಸೋಡ್ ದಾಟಿದೆ. ಮಕ್ಕಳ ಜೊತೆ ಕಣ್ಣುಮುಚ್ಕೊಂಡು ಹಾಕ್ಬಹುದು, ಒಂದು ಕೆಟ್ಟ ಮಾತಿಲ್ಲ, ಜೇಠಾಲಾಲ್ ಆಗಿ ದಿಲೀಪ್ ಜೋಶಿ ಮುಖ ನೋಡಿದ್ರೇನೇ ಭಾಷೆ ಬರದೋರಿಗೂ ಅರ್ಥ ಆಗುತ್ತೆ. ತೊಂದ್ರೆ ಏನು ಅಂದ್ರೆ ಎಳೆತ. ಒಂದು ಮಾತಿಗೆ ಹತ್ತು ಜನರ ಮುಖ ಒಂದೊಂದಾಗಿ ತೋರಿಸ್ತಾರೆ, ಹಿಂದೆ ಸೌಂಡು ಬೇರೆ. ದಯಾ ಆಗಿದ್ದ ದಿಶಾ ವಕಾನಿ 2017ರಲ್ಲಿ ಹೋದ್ಮೇಲೆ ಅದ್ರ ಅರ್ಧ ಜೀವ ಹೋಯ್ತು ಅಂತ ನನ್ನ ಅನಿಸಿಕೆ, ಅದಕ್ಕೆ ಹಳೇದು ಹಾಕಿ, ಮೊದಲ ನಾಲ್ಕೈದು ವರ್ಷದ್ದು. ಊಟ ಮಾಡ್ತಾ, ಬಟ್ಟೆ ಮಡಚ್ತಾ ನೋಡೋದಕ್ಕೆ ಅದು ಸರಿ, ಗಮನ ಇಟ್ಟು ಕೂರೋದಕ್ಕಲ್ಲ.

'ಸಾರಾಭಾಯಿ ವರ್ಸಸ್ ಸಾರಾಭಾಯಿ' ಅದಕ್ಕೆ ಪೂರ್ತಿ ಉಲ್ಟಾ. 2004ರಿಂದ 2006, ಸ್ಟಾರ್ ಒನ್, ಸುಮಾರು 70 ಎಪಿಸೋಡ್. ಮುಂಬೈನ ಶ್ರೀಮಂತ ಮನೆ, ಅತ್ತೆ ಮಾಯಾ ಆಗಿ ರತ್ನಾ ಪಾಠಕ್ ಶಾ, ಸೊಸೆ ಮೊನೀಷಾ ಆಗಿ ರೂಪಾಲಿ ಗಂಗೂಲಿ, ಮಾವ ಇಂದ್ರವದನ್ ಆಗಿ ಸತೀಶ್ ಶಾ. ಸೊಸೆ ಡಿಸ್ಕೌಂಟಲ್ಲಿ ಸಾಮಾನು ತಂದ್ರೆ ಅತ್ತೆಗೆ ಜೀವ ಹೋದಷ್ಟು ಕಷ್ಟ. ಬರವಣಿಗೆ ಅಂದ್ರೆ ಚೂರಿ ಥರ. ನಾನು ಮದುವೆಯಾದ ಮೊದಲ ವರ್ಷ ಇದನ್ನ ನೋಡೋಕಾಗ್ಲಿಲ್ಲ, ನಿಜ ಹೇಳ್ತೀನಿ, ಮಾಯಾ ಒಂದೊಂದು ಮಾತು ಆಡಿದಾಗ್ಲೂ ನನಗೇ ಆಡಿದ ಹಾಗೆ ಅನ್ಸೋದು, ನಮ್ಮತ್ತೆ ಅಂಥವರಲ್ಲದೇ ಇದ್ರೂ. ಈಗ ಹತ್ತು ವರ್ಷ ಆದ್ಮೇಲೆ ಅತ್ತೆ ನಾನು ಇಬ್ರೂ ಒಟ್ಟಿಗೆ ಕೂತು ನಗ್ತೀವಿ, ಅವರು ಮೊನೀಷಾ ಪಕ್ಷ, ನಾನು ಒಂದೊಂದ್ಸಲ ಮಾಯಾ ಪಕ್ಷ. ಸೀರಿಯಲ್ ಬದಲಾಗಿಲ್ಲ, ಕೂತಿರೋ ಜಾಗ ಬದಲಾಗಿದೆ. ಮನೇಲಿ ಹೊಸ ಸೊಸೆ ಬಂದಿದ್ರೆ ಸದ್ಯಕ್ಕೆ ಬೇಡ ಅಂತೀನಿ, ಎರಡು ವರ್ಷ ಬಿಟ್ಟು ಇಬ್ರೂ ಸೇರಿ ನೋಡಿ.

ಈಗ ಬಂಗಾರಪೇಟೆ ಪಾನಿಪುರಿ ವಿಷ್ಯಕ್ಕೆ ಬರ್ತೀನಿ. ತಿಂದಿರೋರಿಗೆ ಗೊತ್ತು, ಬೇರೆ ಊರಲ್ಲಿ ಪಾನಿ ಹಸಿರಾಗೋ ಕಂದಾಗೋ ಇರುತ್ತೆ, ನೋಡಿದ್ರೇನೇ ಖಾರ ಅಂತ ಗೊತ್ತಾಗುತ್ತೆ. ಬಂಗಾರಪೇಟೇದು ನೋಡೋಕೆ ತಿಳಿ ನೀರು, ಬಣ್ಣಾನೇ ಇಲ್ಲ, ಮೊದಲ ಸಲ ನೋಡ್ದೋರು ಇದೇನು ಬರೀ ನೀರು ಹಾಕಿದಾರೆ ಅಂತಾರೆ, ಬಾಯಿಗೆ ಹೋದ್ಮೇಲೆ ಕಿವಿ ಬಿಸಿ ಆಗುತ್ತೆ. ಕಾಮಿಡೀಲೂ ಆ ಥರದ್ದು ಒಂದಿದೆ. ಯಾರೂ ನಗಲ್ಲ, ಹಿಂದೆ ನಗೋ ಸೌಂಡಿಲ್ಲ, ಯಾರೂ ಮುಖ ಕಿವುಚಲ್ಲ, ಎಲ್ರೂ ಗಂಭೀರವಾಗೇ ಇರ್ತಾರೆ, ನಗು ನಮ್ಮೊಳಗೆ ನಿಧಾನಕ್ಕೆ ಏಳುತ್ತೆ. 'ದಿ ಆಫೀಸ್' ಹಾಗೇನೇ, 'ಪಂಚಾಯತ್' ಹಾಗೇನೇ. ಇದನ್ನ ಅರ್ಥ ಮಾಡ್ಕೋಬೇಕಾದ್ರೆ ಆ ನಗೋ ಸೌಂಡಿನ ಬಗ್ಗೆ ಸ್ವಲ್ಪ ಗೊತ್ತಿರ್ಬೇಕು. ಅಮೆರಿಕಾದಲ್ಲಿ 1951ರಲ್ಲಿ ಶುರುವಾದ 'ಐ ಲವ್ ಲೂಸಿ'ನ ನಿಜವಾದ ಜನರನ್ನ ಎದುರಿಗೆ ಕೂರಿಸಿ ಮೂರು ಕ್ಯಾಮೆರಾದಲ್ಲಿ ಫಿಲ್ಮ್ ಮಾಡ್ತಿದ್ರು, ಅಂದ್ರೆ ಅದು ಒಂದು ಥರ ನಾಟಕಾನೇ, ಜನ ನಕ್ಕಾಗ ನಟ ಒಂದು ಕ್ಷಣ ನಿಂತು ಮುಂದಿನ ಮಾತು ಹೇಳ್ತಾನೆ, ನಮ್ಮ ಕಂಪನಿ ನಾಟಕದೋರಿಗೆ ಇದು ಯಾವತ್ತಿಂದಲೋ ಗೊತ್ತು. ಅದೇ ಹತ್ತು ವರ್ಷದಲ್ಲಿ ಚಾರ್ಲಿ ಡಗ್ಲಾಸ್ ಅನ್ನೋ ಸೌಂಡ್ ಇಂಜಿನಿಯರ್ ಬಟನ್ ಒತ್ತಿದ್ರೆ ನಗು ಬರೋ ಮಷೀನ್ ಮಾಡ್ದ, ಆಮೇಲೆ ಜನ ಇಲ್ದೇ ಇದ್ರೂ ನಗು ಸೇರಿಸೋಕೆ ಶುರು ಮಾಡಿದ್ರು. 1972ರಲ್ಲಿ ಬಂದ 'ಮ್ಯಾಶ್' ಅನ್ನೋ ಯುದ್ಧದ ಆಸ್ಪತ್ರೆ ಸೀರಿಯಲ್ ಮಾಡಿದೋರಿಗೆ ಆ ನಗು ಬೇಡವಾಗಿತ್ತು, ಚಾನೆಲ್ ಒಪ್ಲಿಲ್ಲ, ಕೊನೆಗೆ ಆಪರೇಷನ್ ಥಿಯೇಟರ್ ಸೀನಲ್ಲಿ ಮಾತ್ರ ನಗು ಹಾಕಲ್ಲ ಅಂತ ರಾಜಿ ಆಯ್ತು. ಸಾಯೋರ ಮುಂದೆ ನಗೋ ಸೌಂಡು ಬೇಡ ಅಂದ ಆ ಮನಸ್ಸಿಗೆ ನನಗೆ ತುಂಬ ಗೌರವ.

'ಫ್ರೆಂಡ್ಸ್' (1994ರಿಂದ 2004, 236 ಎಪಿಸೋಡ್), 'ಬಿಗ್ ಬ್ಯಾಂಗ್ ಥಿಯರಿ' (2007ರಿಂದ 2019, 279 ಎಪಿಸೋಡ್), ಇವು ನಗೋ ಸೌಂಡಿರೋ ಕಡೆಯವು. ಒಬ್ಬರೇ ಇರೋರಿಗೆ, ಪಿಜೀಲಿರೋರಿಗೆ, ಊರು ಬಿಟ್ಟು ಹೋದೋರಿಗೆ ಆ ಸೌಂಡು ಒಂದು ಜೊತೆ ಥರ, ರೂಮಲ್ಲಿ ಇನ್ನೂ ಹತ್ತು ಜನ ಇದಾರೆ ಅನ್ಸುತ್ತೆ. ನಮ್ಮ ಮೈದುನ ಬೆಂಗಳೂರಲ್ಲಿ ಮೊದಲ ವರ್ಷ ಪಿಜೀಲಿದ್ದಾಗ ಫ್ರೆಂಡ್ಸ್ ಮೂರು ಸಲ ಮುಗಿಸಿದ್ದ, ಅವನಿಗೆ ಆಗ ಬೇಕಾಗಿದ್ದು ಜೋಕ್ ಅಲ್ಲ, ಸಂಜೆ ಹೊತ್ತು ಮನೇಲಿ ಮಾತು ಕೇಳಿಸ್ಬೇಕಾಗಿತ್ತು ಅಷ್ಟೇ. ಆದ್ರೆ ಮಕ್ಕಳು, ಹಿರಿಯರ ಮುಂದೆ ಹಾಕೋದಲ್ಲ, ಗಂಡು ಹೆಣ್ಣಿನ ಮಾತೇ ಜಾಸ್ತಿ, ನಾನು ಒಂದ್ಸಲ ಹಾಕಿ ಎರಡು ನಿಮಿಷಕ್ಕೇ ಬದಲಾಯಿಸಿದೀನಿ. ಅದೇ ಕಾಲದ 'ಸೈನ್‌ಫೆಲ್ಡ್' ಅಂತ ಇನ್ನೊಂದಿದೆ, ಕೊನೇಲಿ ಯಾರೂ ಅಪ್ಪಿಕೊಳ್ಳಬಾರದು, ಯಾರೂ ಪಾಠ ಕಲೀಬಾರದು ಅನ್ನೋದೇ ಅದನ್ನ ಬರೆದೋರ ನಿಯಮ, ಫ್ರೆಂಡ್ಸ್ ಸಿಹಿ ಜಾಸ್ತಿ ಆಯ್ತು ಅನ್ನೋರು ಅದನ್ನ ನೋಡ್ಬಹುದು.

'ದಿ ಆಫೀಸ್' ಎರಡಿದೆ. ಬ್ರಿಟನ್ನಿನದು 2001ರಿಂದ 2003, ರಿಕಿ ಜರ್ವೇಸ್, ಸ್ಪೆಷಲ್ ಎರಡೂ ಸೇರಿ 14 ಎಪಿಸೋಡ್. ಅಮೆರಿಕಾದ್ದು 2005ರಿಂದ 2013, ಸ್ಟೀವ್ ಕ್ಯಾರೆಲ್, 201 ಎಪಿಸೋಡ್. ಎರಡ್ರಲ್ಲೂ ಪೇಪರ್ ಮಾರೋ ಕಂಪನಿ, ತಾನು ತುಂಬ ತಮಾಷೆ ಅಂದ್ಕೊಂಡಿರೋ ಬಾಸ್. ಬ್ರಿಟನ್ನಿನದು ಖಾರ, ಮುಜುಗರ ಎಷ್ಟು ಅಂದ್ರೆ ದಿಂಬಿನ ಹಿಂದೆ ಮುಖ ಇಟ್ಕೋಬೇಕು. ಅಮೆರಿಕಾದ್ದು ಮೊದಲ ಸೀಸನ್ ಆರೇ ಎಪಿಸೋಡ್, ಅದು ಬ್ರಿಟನ್ನಿನದ್ದನ್ನೇ ಅನುಸರಿಸುತ್ತೆ, ಅಲ್ಲೇ ಬೇಜಾರಾಗಿ ಬಿಟ್ಟೋರು ತುಂಬ ಜನ. ಬಿಡಬೇಡಿ, ಎರಡನೇ ಸೀಸನ್‌ನಿಂದ ಬಾಸ್ ಸ್ವಲ್ಪ ಒಳ್ಳೆಯೋನಾಗ್ತಾನೆ, ಅವನಿಗೂ ಯಾರೂ ಇಲ್ಲ ಅಂತ ಗೊತ್ತಾಗುತ್ತೆ, ಅಲ್ಲಿಂದ ನಗೂ ಬದಲಾಗುತ್ತೆ. ಮೀಟಿಂಗಲ್ಲಿ ಕೂತು ಗೊತ್ತಿಲ್ದೇ ಇರೋರಿಗೆ, ಮ್ಯಾನೇಜರ್ ಮುಂದೆ ಬಲವಂತವಾಗಿ ನಕ್ಕು ಗೊತ್ತಿಲ್ದೇ ಇರೋರಿಗೆ ಇದು ಬರೀ ಬೋರಿಂಗ್ ಆಫೀಸು. ನಮ್ಮನೆಯವರು ಸೂಪರ್‌ವೈಸರ್ ಆದ್ಮೇಲೇನೇ ಇದಕ್ಕೆ ನಗೋಕೆ ಶುರು ಮಾಡಿದ್ದು.

ಮಾವನಿಗೆ ನಾನು 'ಯೆಸ್ ಮಿನಿಸ್ಟರ್' ಹಾಕ್ಕೊಟ್ಟೆ, 1980ರ ಬಿಬಿಸೀದು, ಅದ್ರ ಮುಂದುವರಿಕೆ 'ಯೆಸ್ ಪ್ರೈಮ್ ಮಿನಿಸ್ಟರ್' ಸೇರಿ 38 ಎಪಿಸೋಡ್. ಇಂಗ್ಲಿಷ್ ಕಷ್ಟ, ಬೇಗ ಬೇಗ ಮಾತು, ಪಾಸ್ ಮಾಡ್ಕೊಂಡು ಮಾಡ್ಕೊಂಡು ನೋಡಿದ್ರು. ಆದ್ರೆ ಆ ಹಂಫ್ರಿ ಅನ್ನೋ ಅಧಿಕಾರಿ ಮಂತ್ರಿಗೆ ಇಲ್ಲ ಅನ್ನೋದನ್ನ ಇಲ್ಲ ಅಂತ ಹೇಳ್ದೇ ಒಂದು ಪುಟದಷ್ಟು ಉದ್ದದ ವಾಕ್ಯದಲ್ಲಿ ಹೇಳ್ತಾನಲ್ಲ, ಮಾವ ಕನ್ನಡಕ ತೆಗೆದು ಕಣ್ಣೊರೆಸ್ಕೊಂಡು ನಕ್ರು. ಮೂವತ್ತು ವರ್ಷ 'ನಿಯಮಾನುಸಾರ ಕ್ರಮ ಕೈಗೊಳ್ಳಲಾಗುವುದು' ಅಂತ ಬರೆದ ಕೈ ಅದು. ಅವರಿಗೆ ಭಾಷೆ ಅಡ್ಡ ಬರ್ಲಿಲ್ಲ, ಕಡತ ಎಲ್ಲೂ ಒಂದೇ. ನನ್ನ ಲೆಕ್ಕ ಅಲ್ಲಿ ಸ್ವಲ್ಪ ಬದಲಾಯ್ತು: ಭಾಷೆ ದೊಡ್ಡದು ನಿಜ, ಆದ್ರೆ ಆ ಕೆಲಸ ಮಾಡಿ ಗೊತ್ತಿದ್ರೆ ಅರ್ಧ ಭಾಷೆ ಸಾಕು.

ಅದಕ್ಕೇ 'ಪಂಚಾಯತ್' ನಮ್ಮ ಕಡೆ ಅಷ್ಟು ಚೆನ್ನಾಗಿ ಹಿಡಿದಿದ್ದು. 2020ರಲ್ಲಿ ಅಮೆಜಾನ್ ಪ್ರೈಮಲ್ಲಿ ಬಂತು, ಉತ್ತರ ಪ್ರದೇಶದ ಫುಲೇರಾ ಅನ್ನೋ ಹಳ್ಳಿಗೆ ಬೇರೆ ಒಳ್ಳೆ ಕೆಲಸ ಸಿಗ್ದೇ ಬರೋ ಪಂಚಾಯ್ತಿ ಸೆಕ್ರೆಟರಿ ಕಥೆ, ಆ ಪಾತ್ರಕ್ಕೆ ಜಿತೇಂದ್ರ ಕುಮಾರ್. ಆ ಊರಿನ ಅಧ್ಯಕ್ಷೆ ಅಂತ ಗೆದ್ದಿರೋದು ಹೆಂಡತಿ (ನೀನಾ ಗುಪ್ತಾ), ಅಧಿಕಾರ ಮಾಡೋದು ಗಂಡ (ರಘುವೀರ್ ಯಾದವ್). ಅಧ್ಯಕ್ಷೆ ಕುರ್ಚೀಲಿ ಅವರ ಯಜಮಾನರು ಕೂತಿರೋದನ್ನ ನಾವು ನೋಡಿಲ್ವಾ? ಇದರ ಇನ್ನೊಂದು ಒಳ್ಳೇದು ಏನಂದ್ರೆ ಹಳ್ಳಿಯೋರನ್ನ ದಡ್ಡರು ಅಂತ ತೋರ್ಸಿ ನಗಿಸಲ್ಲ, ಪ್ಯಾಟೆಯಿಂದ ಬಂದೋನೂ ಅಷ್ಟೇ ಪೇಚಾಡ್ತಾನೆ, ನಗು ಎರಡೂ ಕಡೆ ಹಂಚಿದೆ. ಮುಂದೆ ಮುಂದೆ ಸೀಸನ್‌ನಲ್ಲಿ ನಗು ಕಮ್ಮಿ ಆಗಿ ರಾಜಕೀಯ ಜಗಳ ಜಾಸ್ತಿ ಆಯ್ತು, ಎರಡನೇ ಸೀಸನ್ ಕೊನೆ ಎಪಿಸೋಡ್‌ಗೆ ಮನೇಲಿ ಎಲ್ರೂ ಅತ್ತಿದೀವಿ, ಬರೀ ನಗ್ಬೇಕು ಅನ್ನೋರು ಮೊದಲನೇ ಸೀಸನ್ನಿನ ಎಂಟು ಎಪಿಸೋಡ್ ನೋಡಿ ನಿಲ್ಲಿಸ್ಬಹುದು. ಹಿಂದಿ ಬರ್ದೇ ಇರೋ ಮನೆಗೆ ಇದನ್ನೇ ತೆಲುಗಲ್ಲಿ 'ಶಿವರಪಲ್ಲಿ' ಅಂತ 2025ರ ಜನವರೀಲಿ ಮಾಡಿದಾರೆ, ತಮಿಳಲ್ಲಿ 'ತಲೈವೆಟ್ಟಿಯಾನ್ ಪಾಳಯಂ' ಅಂತ 2024ರಲ್ಲಿ ಬಂದಿದೆ, ಎರಡೂ ಪ್ರೈಮಲ್ಲೇ ಇದೆ, ಕೆಜಿಎಫ್ ಕಡೆ ತಮಿಳು ಮನೆಯೋರಿಗೆ ಅದು ಸರಿಹೋಗುತ್ತೆ. ಬರವಣಿಗೆ ಹಿಂದೀದೇ ಮೇಲು, ತೆಲುಗಲ್ಲಿ ಕೆಲವು ಸೀನು ಹಾಗ್ಹಾಗೇ ಎತ್ತಿಟ್ಟಿದಾರೆ ಅನ್ಸುತ್ತೆ, ಆದ್ರೆ ಮನೇಲಿ ಹಿರಿಯರಿದ್ರೆ ನಾನು ತೆಲುಗೇ ಹಾಕೋದು. ಕನ್ನಡದಲ್ಲೇ ಇಂಥದ್ದೊಂದು ಬರ್ಲಿ ಅಂತ ನನಗೆ ತುಂಬ ಆಸೆ, ನಮ್ಮ ಪಿಡಿಒಗಳ ಕಥೆ ಬರೆದ್ರೆ ಹತ್ತು ಸೀಸನ್ ಆಗುತ್ತೆ.

ದುಡ್ಡಿನ ವಿಷ್ಯ. ಪ್ರೈಮ್ ವರ್ಷಕ್ಕೆ 1499, ಲೈಟ್ ಅಂತ ಇರೋದು 799, ಬರೀ ಪಂಚಾಯತ್‌ಗೋಸ್ಕರ ಅಂದ್ರೆ ಒಂದು ತಿಂಗಳಿಗೆ ಮಾತ್ರ ಕಟ್ಟಿ ಮುಗಿಸಿ. ದುಡ್ಡು ಹಾಕೋದೇ ಬೇಡ ಅಂದ್ರೆ ಅಮೃತಂ, ಸಿಲ್ಲಿ ಲಲ್ಲಿ, ಪಾಪ ಪಾಂಡು ಮೂರೇ ಎರಡು ವರ್ಷಕ್ಕಾಗೋಷ್ಟಿದೆ, ದುಡ್ಡು ಕಟ್ಟಿದ್ರೆ ಮಾತ್ರ ಒಳ್ಳೆ ಕಾಮಿಡಿ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಬೆಂಗಳೂರಿಗೆ ದಿನಾ ಬಸ್ಸಲ್ಲೋ ಮಾರಿಕುಪ್ಪಂ ಟ್ರೇನಲ್ಲೋ ಓಡಾಡೋರು 20-22 ನಿಮಿಷದ್ದು ಆರಿಸ್ಕೊಳ್ಳಿ, ಫ್ರೆಂಡ್ಸೋ ಅಮೆರಿಕಾ ಆಫೀಸೋ, ಮನೆ ವೈಫೈಲಿ ಹಿಂದಿನ ರಾತ್ರೀನೇ ಡೌನ್‌ಲೋಡ್ ಮಾಡಿಟ್ಕೊಳ್ಳಿ, ಒಂದು ಕಡೆ ಪ್ರಯಾಣಕ್ಕೆ ಮೂರ್ನಾಲ್ಕು ಆರಾಮಾಗಿ ಆಗುತ್ತೆ. ನೈಟ್ ಶಿಫ್ಟ್ ಮುಗಿಸಿ ಬೆಳಿಗ್ಗೆ ಬರೋರಿಗೆ ತಲೆ ಓಡ್ಸೋ ಅಂಥದ್ದು ಬೇಡ, ಆರ್ಡರ್ ಇಲ್ದೇ ಎಲ್ಲಿಂದಾದ್ರೂ ನೋಡೋದು ಬೇಕು, ನಮ್ಮನೆಯವರು ಹಳೇ ತಾರಕ್ ಮೆಹ್ತಾ ಹಾಕ್ಕೊಂಡು ಅರ್ಧದಲ್ಲೇ ನಿದ್ದೆ ಹೋಗ್ತಾರೆ. ಅಜ್ಜಿ ಮೊಮ್ಮಗಳು ಇಬ್ರೇ ಮನೇಲಿ, ಭಾಷೆ ಬೇರೆ ಬೇರೆ ಅಂದ್ರೆ 'ಮಿಸ್ಟರ್ ಬೀನ್' ಹಾಕಿ, ಕಾರ್ಟೂನ್ ಅಲ್ಲ, 1990ರಿಂದ 95ರವರೆಗೆ ರೋವನ್ ಆಟ್ಕಿನ್ಸನ್ ಮಾಡಿದ್ದು, 15 ಎಪಿಸೋಡ್, ಮಾತು ಇಲ್ಲ ಅನ್ನೋಷ್ಟು ಕಮ್ಮಿ, ಎಂಬತ್ತಕ್ಕೂ ಎಂಟಕ್ಕೂ ಒಂದೇ ಸಲ ನಗು ಬರುತ್ತೆ.

ಇಷ್ಟಾದ್ಮೇಲೂ ಎರಡರ ಮಧ್ಯೆ ತೀರ್ಮಾನ ಆಗ್ಲಿಲ್ಲ ಅಂದ್ರೆ ನಾನು ಮಾಡೋದು ಇದು. ಎರಡ್ರದ್ದೂ ಒಂದೊಂದು ಎಪಿಸೋಡ್ ಹಾಕಿ, ನೀವು ಟೀವಿ ನೋಡ್ಬೇಡಿ, ಮನೇಲಿ ಎಲ್ರಿಗಿಂತ ಕಮ್ಮಿ ನಗೋರು ಯಾರಿದಾರೋ ಅವರ ಮುಖ ನೋಡಿ. ಮೊದಲನೇ ಎಪಿಸೋಡ್‌ನಲ್ಲೇ ನಗು ಬರ್ಬೇಕು ಅಂತಿಲ್ಲ, ಪಾತ್ರಗಳ ಪರಿಚಯ ಆಗೋಕೆ ಎರಡು ಮೂರು ಬೇಕು, ಆದ್ರೆ ಮುಂದೇನಾಯ್ತು ಅಂತ ಕುತೂಹಲ ಇದೆಯಾ, ಇಲ್ಲಾ ಕೈ ಫೋನಿಗೆ ಹೋಯ್ತಾ ಅಂತ ಗೊತ್ತಾಗುತ್ತೆ. ನಮ್ಮನೇಲಿ ಕಳೆದ ಭಾನುವಾರ ಹಾಗೇ ಹಾಕಿದ್ದು ಶಿವರಪಲ್ಲಿ. ಅವ್ವ ಮೊದಲ ಇಪ್ಪತ್ತು ನಿಮಿಷ ಸುಮ್ನಿದ್ರು, ನನಗೆ ಇದು ಆಗಲ್ಲ ಅನ್ನಿಸ್ತು, ಆಮೇಲೆ ಒಂದು ಸೀನಿಗೆ "ವೀಡು ಮನ ವೆಂಕಟರಮಣ ಲಾಗ ಉನ್ನಾಡೇ" (ಇವನು ನಮ್ಮ ವೆಂಕಟರಮಣನ ಥರಾನೇ ಇದಾನಲ್ಲಾ) ಅಂದ್ರು, ವೆಂಕಟರಮಣ ಅಂದ್ರೆ ಅವರ ತಮ್ಮ, ನಲವತ್ತು ವರ್ಷದ ಹಿಂದೆ ಪಂಚಾಯ್ತಿ ಮೆಂಬರ್ ಆಗಿದ್ದೋರು, ಆಮೇಲೆ ಟೀವಿ ಪಾಸ್ ಮಾಡಿ ಅವರ ಕಥೆ ಹೇಳಿದ್ರು, ಮಾವನಿಗೂ ಗೊತ್ತಿಲ್ದೇ ಇದ್ದ ಕಥೆ. ಈ ಭಾನುವಾರ ಎರಡನೇ ಎಪಿಸೋಡ್, ಎಂಟು ಗಂಟೆಗೆ ಮುಂಚೇನೇ ಮುದ್ದೆ ಆಗಿರ್ಬೇಕು ಅಂತ ಅವ್ವನ ಆರ್ಡರ್ ಆಗಿದೆ.